ಪಾಠಕ್ಕೂ ಮುಂಚೆ ಒಂದು ಮಾತು

ಕೋವಿಡ್ ಬಂದು 2020ರ ಮಾರ್ಚ್‌ನಲ್ಲಿ ಮುಚ್ಚಿದ ಕರ್ನಾಟಕದ ಶಾಲೆಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದನೇ ಕ್ಲಾಸು ಮುಗಿಸುವ ಹೊತ್ತಿಗೆ ಮನೆ ಸೇರಿದ ಮಗು ಮೂರನೇ ಕ್ಲಾಸಿಗೆ ಬಂದು ಕೂತಿತು. ಎರಡನೇ ಕ್ಲಾಸಿನ ಕೊಠಡಿಯನ್ನು ಅದು ನೋಡಲೇ ಇಲ್ಲ.

ಆ ದಿನಗಳಲ್ಲಿ ಆನ್‌ಲೈನ್ ಪಾಠದ ಬಗ್ಗೆ ನಡೆದ ವಾದಗಳೆಲ್ಲ ಗಡಿಯಾರದ ಸುತ್ತಲೇ ಇದ್ದವು. 2020ರ ಜೂನ್‌ನಲ್ಲಿ ರಾಜ್ಯದ ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಐದನೇ ತರಗತಿವರೆಗೆ ಆನ್‌ಲೈನ್ ಪಾಠವೇ ಬೇಡ ಎಂದರು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಬಂದ ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ, ಎಂಟನೇ ತರಗತಿವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿ ಸಾಕು ಎಂದಿತು. ಎಷ್ಟು ಹೊತ್ತು ಎಂಬುದೇನೋ ತೀರ್ಮಾನವಾಯಿತು. ಅಷ್ಟು ಹೊತ್ತಿನಲ್ಲಿ ಮಗುವನ್ನು ಮಾತಾಡಿಸುವವರು ಯಾರು ಎಂದು ಗಟ್ಟಿಯಾಗಿ ಕೇಳಿದವರು ಕಡಿಮೆ.

ಮೈಸೂರಿನ ಎರಡು ಮನೆ ನೆನಪಿಸಿಕೊಳ್ಳಿ. ಕುವೆಂಪುನಗರದ ಮಹಡಿ ಮನೆಯಲ್ಲಿ ಲ್ಯಾಪ್‌ಟಾಪ್ ಎದುರು ಮಗಳು, ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ಕೂತು ಉತ್ತರ ಉಸುರುವ ಅಮ್ಮ. ಕೆಸರೆಯಲ್ಲಿ ಅಪ್ಪ ಆಟೊ ಹತ್ತಿದರೆ ಫೋನೂ ಅವರ ಜೇಬಿನಲ್ಲೇ ಹೊರಟಿತು. ಬೆಳಿಗ್ಗೆ ವಾಟ್ಸ್‌ಆ್ಯಪ್‌ಗೆ ಬಿದ್ದ ಹೋಂವರ್ಕು ತೆರೆಯುವುದು ರಾತ್ರಿ ಊಟದ ಮೇಲೆ. ಒಂದು ಮಗುವಿಗೆ ತಪ್ಪು ಹೇಳುವಷ್ಟೂ ಜಾಗವಿಲ್ಲ, ಇನ್ನೊಂದಕ್ಕೆ ಸರಿ ಹೇಳಿದರೂ ಕೇಳುವವರಿಲ್ಲ.

ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ–ಕಲಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. ಮಗ್ಗುಲಲ್ಲಿ ಇನ್ನೊಂದು ಮಗು ಇರಲೇಬೇಕು. ಫೋನು ಕಿತ್ತುಕೊಂಡದ್ದು ಆ ಮಗ್ಗುಲನ್ನು. 2020ರ ಆಗಸ್ಟ್‌ನಲ್ಲಿ ಬಂದ ಸರ್ಕಾರದ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಮರದ ಕೆಳಗೆ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದು ನಿಂತಿತು. ನಿಲ್ಲಿಸಿದ್ದು ಅನಿವಾರ್ಯವಿರಬಹುದು, ಆದರೆ ಆ ಎರಡು ತಿಂಗಳು ಮಗುವಿನ ಮುಖ ನೋಡಿದವರು ಒಬ್ಬರಿದ್ದರು.

ಏಳೆಂಟು ವರ್ಷದ ಮಗು ‘ನನಗೆ ಬೇಜಾರಾಗಿದೆ’ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಕ್ಲಾಸಿನ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ, ಅಮ್ಮನ ಸೆರಗು ಬಿಡದ ಹಟ, ಕಾರಣವಿಲ್ಲದ ಸಿಟ್ಟು. ಸಂಕಟ ಹೊರಬರುವುದು ಹೀಗೆ. ಇದನ್ನು ಸೋಮಾರಿತನವೆಂದು ಗದರಿದರೆ ಮಗು ಇನ್ನಷ್ಟು ಮುದುಡುತ್ತದೆ.

ಈ ಸಂಕಟ ತಿಳಿಯಲು ದೊಡ್ಡ ಯೋಜನೆಯೇನೂ ಬೇಡ. ಟೀಚರ್ ಒಬ್ಬರು ಸಂಜೆ ಫೋನ್ ಮಾಡಿ, ‘ಏನ್ ಪುಟ್ಟಾ, ತಿಂಡಿ ಏನ್ ತಿಂದೆ?’ ಎನ್ನಲಿ. ‘ಚಿತ್ರಾನ್ನ ಮಿಸ್’ ಎಂಬ ಉತ್ತರ ಬರುತ್ತದೆ, ಆಮೇಲೆ ಸ್ವಲ್ಪ ಹೊತ್ತು ಮೌನ. ಆ ಮೌನಕ್ಕೆ ಕಾಯಬೇಕು, ಲೆಕ್ಕ ಮಾಡಿದ್ದೀಯಾ ಎಂದು ಕೇಳಿ ಮುರಿಯಬಾರದು. ‘ಮಿಸ್, ನಮ್ಮಜ್ಜಿಗೆ ಹುಷಾರಿಲ್ಲ’ ಎಂಬ ಮಾತು ಬರುವುದು ಅದರ ನಂತರವೇ. ಐವತ್ತು ಮಕ್ಕಳನ್ನು ಒಂದೇ ಪರದೆಯಲ್ಲಿ ತುಂಬುವ ಬದಲು ಐದಾರು ಮಕ್ಕಳ ಗುಂಪು ಮಾಡಿ, ಕ್ಯಾಮೆರಾ ಹಾಕಲೇಬೇಕೆಂಬ ಒತ್ತಾಯ ಬಿಟ್ಟರೆ, ಮಕ್ಕಳು ತಮ್ಮತಮ್ಮಲ್ಲೇ ಹರಟಿಕೊಳ್ಳುತ್ತಾರೆ. ಪೋಷಕರು ಆ ಹೊತ್ತು ಅಡುಗೆಮನೆ ಕಡೆ ಹೋಗಿಬಿಡುವುದು ಒಳ್ಳೆಯದು.

ಆನ್‌ಲೈನ್ ಪಾಠ ಮುಗಿದ ಕಥೆಯಲ್ಲ. ಮಳೆಗೆ ರಜೆ ಕೊಟ್ಟ ದಿನವೂ ಕೆಲವು ಶಾಲೆಗಳು ಪಾಠವನ್ನು ಫೋನಿಗೆ ಕಳಿಸುತ್ತವೆ. ಮುಖ್ಯ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೆ: ಅಂಥ ದಿನ ವೇಳಾಪಟ್ಟಿಯ ಮೊದಲ ಹತ್ತು ನಿಮಿಷವನ್ನು ಬರೀ ಮಾತಿಗೆ ಬಿಡಿ. ಮಗುವಿನ ಬೇಸರ ವಾರ ಕಳೆದರೂ ಇಳಿಯದಿದ್ದರೆ ಪೋಷಕರು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.