ಷಡ್ವಿಧಬಲವೂ ಪಾಳೆಯಪಟ್ಟಿನ ಊರಾಳುಗಳೂ

ಸಪ್ತಾಂಗಗಳಲ್ಲೊಂದಾದ ದಂಡವನ್ನು ಕೌಟಿಲ್ಯನು ಮೌಲ, ಭೃತ, ಶ್ರೇಣೀ, ಮಿತ್ರ, ಅಮಿತ್ರ, ಅಟವೀ ಎಂದು ಆರು ಬಗೆಯಾಗಿ ವಿಂಗಡಿಸಿರುವನು. ತಲೆಮಾರುಗಳಿಂದ ಸೇವೆಯಲ್ಲಿರುವುದು ಮೌಲ. ಸಂಬಳಕ್ಕೆ ನಿಂತದ್ದು ಭೃತ. ಸಂಘಗಳಿಗೆ ಸೇರಿದುದು ಶ್ರೇಣೀ. ಕಾಡಿನ ಜನರದು ಅಟವೀ. ಇವುಗಳಲ್ಲಿ ಮೌಲವು ಅತ್ಯಂತ ನಂಬತಕ್ಕದ್ದು, ಅಟವೀಬಲವು ಸುಲಿಗೆಯ ಆಸೆಯಿಂದ ಬರತಕ್ಕದ್ದು ಎಂಬುದು ಅವನ ಮತ. ಕಲ್ಯಾಣದ ಚಾಲುಕ್ಯದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಈ ಷಡ್ವಿಧವಿಭಾಗವು ಕಂಡುಬರುತ್ತದೆ. ಶಾಸ್ತ್ರದ ಈ ತಾರತಮ್ಯವು ಇಟ್ಟಿಗಿ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೀಮೆಯ ಚರಿತ್ರೆಗೆ ಎಷ್ಟರಮಟ್ಟಿಗೆ ಹೊಂದುವುದೆಂಬುದು ವಿಚಾರಾರ್ಹವಾಗಿದೆ.

ಮೊದಲು ವರ್ಣದ ಮಾತು. ಬ್ರಾಹ್ಮಣ, ಕ್ಷತ್ರಿಯ, ವೈಶ್ಯ, ಶೂದ್ರ ಸೈನ್ಯಗಳಲ್ಲಿ ಪೂರ್ವಪೂರ್ವವು ತೇಜಸ್ಸಿನಿಂದ ಮೇಲೆಂದು ಪೂರ್ವಾಚಾರ್ಯರು ಹೇಳಿದ್ದರು. ಕೌಟಿಲ್ಯನು ಇದನ್ನು ಒಪ್ಪಲಿಲ್ಲ. ಬ್ರಾಹ್ಮಣಸೈನ್ಯವನ್ನು ಶತ್ರುವು ಅಡ್ಡಬಿದ್ದೇ ಒಲಿಸಿಕೊಂಡಾನು. ಆದಕಾರಣ ಶಸ್ತ್ರವಿದ್ಯೆಯಲ್ಲಿ ಪಳಗಿದ ಕ್ಷತ್ರಿಯಬಲವೇ ಲೇಸು, ಅಥವಾ ಸಂಖ್ಯಾಬಾಹುಳ್ಯವುಳ್ಳ ವೈಶ್ಯಶೂದ್ರಬಲವು ಲೇಸು ಎಂದನು. ಅಲ್ಲದೆ ಕೃಷ್ಯಾದಿ ವೃತ್ತಿಯನ್ನೂ ಆಯುಧವನ್ನೂ ಒಟ್ಟಿಗೆ ಹಿಡಿದ ಸಂಘಗಳನ್ನು ಅವನು ವಾರ್ತಾಶಸ್ತ್ರೋಪಜೀವಿಗಳೆಂದು ಕರೆದಿರುವನು. ಶಾಂತಿಕಾಲದಲ್ಲಿ ಉಳುವ, ಕರೆ ಬಂದಾಗ ಕಾದುವ ಊರಾಳುಗಳಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ.

ಇನ್ನು ಲಕ್ಷ್ಯಕ್ಕೆ ಬಂದರೆ, ವಿಜಯನಗರದ ಇಮ್ಮಡಿ ದೇವರಾಯನು ಬಹಮನಿಗಳ ಕುದುರೆಗಳ ಮತ್ತು ಬಿಲ್ಲಾಳುಗಳ ಬಲವನ್ನು ಕಂಡು ಮುಸಲ್ಮಾನರನ್ನು ತನ್ನ ದಂಡಿಗೆ ಸೇರಿಸಿದನೆಂದೂ, ಅವರಿಗೆ ಜಹಗೀರುಗಳನ್ನು ಕೊಟ್ಟು ಮಸೀದಿಯನ್ನು ಕಟ್ಟಿಸಿದನೆಂದೂ ಫೆರಿಸ್ತಾ ಬರೆದಿರುವನು. ಇದಕ್ಕೆ ಹಂಪೆಯಲ್ಲಿ ಶಿಲಾಸಾಕ್ಷ್ಯವೂ ಉಂಟು. ಅಹಮದಖಾನನೆಂಬ ಸೇವಕನು ತನ್ನ ಒಡೆಯನಾದ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಕಟ್ಟಡವನ್ನು ಕ್ರಿ. ಶ. ೧೪೩೯ರ ಕನ್ನಡ ಶಾಸನವು ಧರ್ಮಸಾಲೆಯೆಂದು ಹೇಳುತ್ತದೆ. ಮತವು ಬೇರೆಯಾದರೂ ಸೇವಾನಿಷ್ಠೆಯು ನಾಡಿನ ಮಾತಿನಲ್ಲಿಯೇ ಪ್ರಕಟವಾಯಿತು.

೧೫೬೫ರ ಬಳಿಕ ವಿಜಯನಗರದ ಹಿಡಿತವು ಸಡಿಲಲು, ಈ ಸೀಮೆಯಲ್ಲಿ ಪಾಳೆಯಪಟ್ಟುಗಳು ತಲೆಯೆತ್ತಿದವು. ಹರಪನಹಳ್ಳಿಯ ಮೂಲಪುರುಷನಾದ ದಾದಯ್ಯನು ಬೇಡಕುಲದವನು. ಬಾಗಳಿ, ಕೂಲಹಳ್ಳಿಗಳ ತಳವಾರಿಕೆಯಿಂದ ಮೇಲೆ ಬಂದವನೆಂದು ಪ್ರತೀತಿ. ಶಾಸ್ತ್ರದ ಲೆಕ್ಕದಲ್ಲಿ ಬೇಡರು ಅಟವೀಬಲ, ಕಟ್ಟಕಡೆಯವರು. ಆದರೆ ಇಲ್ಲಿ ಅವರಿಗೆ ಭೂಮಿಯು ಉಂಬಳಿಯಾಗಿ ದೊರೆಯಿತು. ಅದನ್ನುಳುತ್ತ ಊರನ್ನು ಕಾಯ್ದು, ದಂಡಿಗೆ ಕರೆದಾಗ ಆಯುಧಸಹಿತರಾಗಿ ಬರುವುದು ಮಗನಿಂದ ಮಗನಿಗೆ ಇಳಿದ ಹೊಣೆಯಾಯಿತು. ಹೀಗೆ ಅಟವೀಬಲವೇ ಮೌಲಬಲವಾಗಿ ಪರಿಣಮಿಸಿತು. ನಂಬಿಕೆಗೆ ಕಾರಣವಾದುದು ಹುಟ್ಟಲ್ಲ, ಊರಿನಲ್ಲಿ ಬೇರುಬಿಟ್ಟ ಹಕ್ಕು. ಅಹಮದಖಾನನ ಕಾಲದ ಜಹಗೀರಿಗೂ ಬೇಡನ ಉಂಬಳಿಗೂ ತತ್ತ್ವವೊಂದೇ.

ಈ ಪರಿಣಾಮವನ್ನು ಮರೆತರೆ ಪದಾರ್ಥದಲ್ಲಿಯೂ ದೋಷವುಂಟಾಗುವುದು. ನಾಯಕ, ತಳವಾರ ಎಂಬುವು ಶಾಸನಗಳಲ್ಲಿ ಅಧಿಕಾರವಾಚಕಗಳು. ಇಂದು ಕುಲವಾಚಕಗಳಾಗಿ ಕೇಳಿಬರುತ್ತವೆ. ಮೈಸೂರು ಸಂಸ್ಥಾನದಲ್ಲಿ ಕಂದಾಚಾರವೆಂದರೆ ಇಂತಹ ಊರಾಳುಗಳ ಇಲಾಖೆ. ಇಂದು ಅದೇ ಶಬ್ದವು ಅರ್ಥಹೀನವಾದ ಆಚಾರವನ್ನು ಸೂಚಿಸುತ್ತದೆ. ಹಳೆಯ ಕಾಗದಪತ್ರಗಳಲ್ಲಿ ಈ ಶಬ್ದಗಳನ್ನು ಇಂದಿನ ಅರ್ಥದಿಂದ ಓದಿದರೆ, ಪದವಿಯು ಜಾತಿಯಾಗಿಯೂ ಸೈನ್ಯವು ಮೂಢಾಚಾರವಾಗಿಯೂ ಕಾಣಿಸುವುದು.

೧೮೦೦ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ಮುಖ್ಯ ಕಲೆಕ್ಟರನಾಗಿ ೧೮೦೭ರವರೆಗಿದ್ದ ಥಾಮಸ್ ಮನ್ರೋವಿಗೆ ದತ್ತಮಂಡಲಗಳಲ್ಲಿ ಎಣ್ಬರು ಪಾಳೆಯಗಾರರೂ, ಅವರ ಕೈಕೆಳಗೆ ಸುಮಾರು ೩೦,೦೦೦ ಆಯುಧಪಾಣಿಗಳೂ ಎದುರಾದರು. ಅವನು ಪಾಳೆಯಗಾರರ ದಂಡಿನ ಅಧಿಕಾರವನ್ನು ಕಿತ್ತು, ಅವರ ಊರುಗಳನ್ನು ಕಂದಾಯದ ಕಟ್ಟಿಗೆ ತಂದನು. ಪುಂಡಾಟವು ಅಡಗಿತು, ರೈತನಿಗೆ ನೆಮ್ಮದಿಯಾಯಿತು; ಇದು ಅಲ್ಲಗಳೆಯತಕ್ಕುದಲ್ಲ. ಆದರೆ ನೇಗಿಲಿಗೂ ಕತ್ತಿಗೂ ಇದ್ದ ನಂಟು ಕಡಿಯಿತು. ಆಳಿಗೆ ಉಳಿದುದು ಕುಲದ ಹೆಸರು ಮಾತ್ರ. ಆ ಹೆಸರಿಗೆ ಮರ್ಯಾದೆ ತಂದಿದ್ದ ಹೊಣೆಯು ಹೋಯಿತು.

ಸ್ವತಂತ್ರ ಭಾರತವು ೧೯೪೯ರಲ್ಲಿ ಸ್ಥಾಪಿಸಿದ ಪ್ರಾದೇಶಿಕ ಸೇನೆಯಲ್ಲಿ, ತಮ್ಮ ತಮ್ಮ ಉದ್ಯೋಗಗಳಲ್ಲಿರುವ ನಾಗರಿಕರೇ ಬಿಡುವಿನಲ್ಲಿ ಶಿಕ್ಷಣ ಪಡೆದು, ಕರೆ ಬಂದಾಗ ಸೇವೆಗೆ ನಿಲ್ಲುತ್ತಾರೆ. ವಾರ್ತಾಶಸ್ತ್ರೋಪಜೀವಿತ್ವದ ತತ್ತ್ವವು ಅಲ್ಲಿ ಹೊಸ ರೂಪದಿಂದ ಕಾಣುತ್ತದೆ. ಭೂದಾನದ ಸ್ಥಾನದಲ್ಲಿ ಪೌರತ್ವವು ನಿಂತಿದೆ. ಬಹುಕುಲದ, ಬಹುಮತದ ಜನರನ್ನು ಒಂದು ದಂಡಾಗಿ ಕಟ್ಟುವುದು ನಾಡಿನಲ್ಲಿ ಅವರಿಗಿರುವ ಪಾಲೇ ಹೊರತು ಬೇರೆಯಲ್ಲ. ಶಾಸ್ತ್ರವು ಕೊನೆಗಿಟ್ಟವರನ್ನು ಮೊದಲಿಗೆ ತಂದ ಈ ಸೀಮೆಯ ಚರಿತ್ರೆಯು ಶಾಸ್ತ್ರಕ್ಕೆ ವಿರೋಧವಲ್ಲ, ಅದಕ್ಕೆ ಭಾಷ್ಯವೆಂದೇ ತಿಳಿಯತಕ್ಕದ್ದು.