ಹಗಲಿನ ಕರೆಂಟು, ಸಂಜೆಯ ಕತ್ತಲೆ



ಫೆಬ್ರವರಿ-ಮಾರ್ಚ್ ಬಂತೆಂದರೆ ನಮಗೆ ರೊಬಸ್ಟಾದ ಹೂ ನೀರಿನ ಚಿಂತೆ, ಜೊತೆಗೆ ಅಡಿಕೆ ತೋಟದ ಬೇಸಿಗೆ ನೀರಿನ ಚಿಂತೆ. ಸ್ಪ್ರಿಂಕ್ಲರ್ ಹೂಡಿದ ಜಾಗದಲ್ಲಿ ಅರ್ಧ ನೀರು ಬಿದ್ದಾಗ ಕರೆಂಟು ಹೋದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ. ನಷ್ಟ ಆ ವರ್ಷದ ಫಸಲಿನಲ್ಲಿ ಕಾಣುತ್ತದೆ.

ನಮ್ಮ ನಾಡಿಗೆ ಬಹುಕಾಲ ಬೆಳಕು ಕೊಟ್ಟದ್ದು ನೀರು. ಶರಾವತಿಯ 1,035 ಮೆಗಾವಾಟ್ ಕೇಂದ್ರದಲ್ಲಿ ಬೇಕೆಂದಾಗ ನೀರು ಬಿಟ್ಟರೆ ನಿಮಿಷಗಳಲ್ಲಿ ವಿದ್ಯುತ್ ಸಿಗುತ್ತದೆ. ಬಿಸಿಲಿನ ಲೆಕ್ಕ ಬೇರೆ. ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್; ಆದರೆ ಮನೆಮನೆಗಳಲ್ಲಿ ದೀಪ ಹತ್ತುವ ಹೊತ್ತಿಗೇ ಅದು ಮಲಗುತ್ತದೆ. ಉತ್ಪಾದನೆ, ಬಳಕೆ ಎರಡೂ ಪ್ರತಿಕ್ಷಣ ಸರಿತೂಗಿದರೆ ಮಾತ್ರ ಜಾಲದ ಆವರ್ತನ 50 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಅದು ತೀರಾ ಇಳಿದರೆ ಕೆಲವು ಫೀಡರುಗಳನ್ನು ಕಡಿಯಲೇಬೇಕು. ಹಳ್ಳಿಯವರಿಗೆ ಇದರ ರುಚಿ ಗೊತ್ತಿದೆ!

ಹಾಗೆಂದು ತಪ್ಪೆಲ್ಲ ಬಿಸಿಲಿನದೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದಾಗ ಅಲ್ಲಿ ಕಲ್ಲಿದ್ದಲಿನ ವಿದ್ಯುತ್ತೇ ಪ್ರಧಾನವಾಗಿತ್ತು. 2023ರಲ್ಲಿ ಮಳೆ ಕೈಕೊಟ್ಟಾಗ ನೀರನ್ನು ನಂಬಿದ ನಮ್ಮಲ್ಲೇ ಪಂಪ್‌ಸೆಟ್ಟುಗಳ ಕರೆಂಟಿಗೆ ಕಡಿತ ಬಿತ್ತು.

ಹಗಲಿನ ಹೆಚ್ಚುವರಿ ವಿದ್ಯುತ್ತನ್ನು ಸಂಜೆಗೆ ಕೂಡಿಡುವುದೇ ಈಗಿನ ಪ್ರಶ್ನೆ. ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಪಂಪ್ ಮಾಡಿ, ಬೇಕಾದಾಗ ಕೆಳಗೆ ಬಿಡುವ 2,000 ಮೆಗಾವಾಟ್ ಯೋಜನೆ ಇದಕ್ಕಾಗಿಯೇ ಬಂದದ್ದು. ಇಂಥ ವ್ಯವಸ್ಥೆಯಲ್ಲಿ ನೂರು ಯೂನಿಟ್ ಹಾಕಿದರೆ ಸುಮಾರು ಎಪ್ಪತ್ತೈದರಿಂದ ಎಂಬತ್ತು ಮರಳಿ ಸಿಗುತ್ತದೆ. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯ. ತೋಟದ ಒರತೆ ಕಾಡಿನಿಂದ ಬರುವುದೆಂದು ಬಲ್ಲ ನಾವು, ಸೌರ ಪಾರ್ಕುಗಳ ಬಳಿಯೇ ಬ್ಯಾಟರಿ ಇಡುವ ದಾರಿಯನ್ನು ಮೊದಲು ನೋಡಲಿ ಎನ್ನುತ್ತೇವೆ.

ನಮ್ಮ ಪಾಲಿನದೂ ಇದೆ. ಪಂಪ್‌ಸೆಟ್ಟಿಗೆ ಹಗಲಲ್ಲೇ ತ್ರೀಫೇಸ್ ಕೇಳೋಣ. ಸಂಜೆಯ ಹೊರೆ ಇಳಿಯುತ್ತದೆ, ರಾತ್ರಿ ಟಾರ್ಚು ಹಿಡಿದು ಹಾವಿನ ಹೆದರಿಕೆಯಲ್ಲಿ ತೋಟಕ್ಕಿಳಿಯುವುದೂ ತಪ್ಪುತ್ತದೆ. 2019ರಲ್ಲಿ ಬಂದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಸೌರ ಘಟಕ ಹಾಕಿ ಕೃಷಿ ಫೀಡರಿಗೆ ಕೊಡಲು ಅವಕಾಶವಿದೆ.

ಇನ್ನೊಂದು ಮಾತು. ಕರೆಂಟು ಬಂದೊಡನೆ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜು ಕುಸಿದು ಟ್ರಾನ್ಸ್‌ಫಾರ್ಮರಿನ ಫ್ಯೂಸು ಹಾರುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನವರು ಮಾತಾಡಿಕೊಂಡು, ಟೈಮರಿನಲ್ಲಿ ಎರಡೆರಡು ನಿಮಿಷ ಅಂತರ ಇಟ್ಟುಕೊಳ್ಳಬೇಕು. ಮೋಟಾರಿಗೆ ತಕ್ಕ ಕೆಪಾಸಿಟರನ್ನು ಹೂ ನೀರಿನ ಕೆಲಸಕ್ಕೆ ಮುಂಚೆಯೇ ಹಾಕಿಸಿಕೊಳ್ಳಿ.