ಎಡನೀರು ಮೊಕದ್ದಮೆ ಮತ್ತು ಕೌಡೂರಿನ ನ್ಯಾಯಮೂರ್ತಿ

ಕಾಸರಗೋಡು: ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆ ಇಲ್ಲಿನವರಿಗೆಲ್ಲ ಗೊತ್ತು. ಆ ತೀರ್ಪು ಕೊಟ್ಟವರಲ್ಲಿ ಒಬ್ಬರು ಕಾರ್ಕಳ ತಾಲೂಕು ಕೌಡೂರಿನ ಕೆ.ಎಸ್. ಹೆಗ್ಡೆ (1909-1990).

ವಕೀಲರಾಗಿದ್ದ ಹೆಗ್ಡೆ 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. ಆಗ ಕಾರ್ಕಳ, ಕಾಸರಗೋಡು ಎರಡೂ ಮದ್ರಾಸ್ ರಾಜ್ಯದ ಒಂದೇ ಜಿಲ್ಲೆ. 1957ರಲ್ಲಿ ಮೈಸೂರು ಹೈಕೋರ್ಟಿನ, 1967ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

1973ರ ಏಪ್ರಿಲ್ 24ರಂದು 7-6 ಬಹುಮತದ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಹೆಗ್ಡೆ ಬಹುಮತದ ಕಡೆಗಿದ್ದರು. ಅದರ ಬೆನ್ನಿಗೇ ಸರ್ಕಾರ ಅವರೂ ಸೇರಿ ಮೂವರು ಹಿರಿಯರನ್ನು ಬದಿಗಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆಯಿತ್ತರು.

1977ರಲ್ಲಿ ಹೆಗ್ಡೆ ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಅಭ್ಯರ್ಥಿಯಾದರು. ರಾಜ್ಯದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದರೂ ಇವರು ಗೆದ್ದರು. ಅದೇ ವರ್ಷ ಲೋಕಸಭೆಯ ಸ್ಪೀಕರೂ ಆದರು. ಸರ್ಕಾರ ತಪ್ಪಿಸಿದ ಹಿರಿತನಕ್ಕೆ ಮತದಾರರು ಬೇರೊಂದು ಪೀಠ ಕೊಟ್ಟರು.